ಮಾಸ್ತರು ಸುಟ್ಟು ಬರೆದ ಎರಡು ಅಕ್ಷರ

ಕಳೆದ ತಿಂಗಳು ಹೈಸ್ಕೂಲಿನಿಂದ ವರ್ಗವಾದಾಗ ನನಗೊಂದು ಕಟ್ಟಿಗೆಯ ಫಲಕ ಕೊಟ್ಟರು. ಅದರ ಮೇಲೆ ನನ್ನ ಹೆಸರು ಬರೆಸಿದ್ದರು. ಮನೆಗೆ ಬಂದು ಸುತ್ತಿದ ಕಾಗದ ಬಿಚ್ಚಿದರೆ ಸುಟ್ಟ ಪ್ಲೈವುಡ್ಡಿನ ವಾಸನೆ. ಒಲೆಯ ಹೊಗೆಯಂಥದಲ್ಲ ಅದು. ತುಸು ಸಿಹಿ, ತುಸು ಅಂಟಿನ ಘಾಟು. ಲೇಸರ್‌ನಿಂದ ಬರೆದದ್ದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕುಂದಗೋಳದಲ್ಲಿದ್ದಾಗ ಅದೇ ವಾಸನೆ ಬಾಜು ಮನೆಯಿಂದ ತಿಂಗಳುಗಟ್ಟಲೆ ನಮ್ಮ ಅಡುಗೆಮನೆಗೆ ಬರುತ್ತಿತ್ತು...

ಆ ಮನೆಯಲ್ಲಿದ್ದವರು ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದ ಮಾಸ್ತರು. ಅವರ ಹೆಂಡತಿಯನ್ನು ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು. ಕಾಕು ಕಸೂತಿಯಲ್ಲಿ ಬಲು ಹುಷಾರು. ಮಧ್ಯಾಹ್ನ ಏಳೆಂಟು ಹುಡುಗಿಯರು ಅವರ ಪಡಸಾಲೆಯಲ್ಲಿ ಕೂತು ಕಲಿಯುತ್ತಿದ್ದರು. ಮಾಸ್ತರದು ಮಾತ್ರ ಮಾತು ಕಡಿಮೆ. ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ “ಸಾಲಿ ಹೆಂಗ ನಡದೈತವಾ?” ಎಂದು ಕೇಳುವರು. ಆಗಲೂ ನಾನು ಅದೇ ಹೈಸ್ಕೂಲಿನ ಗುಮಾಸ್ತೆ.

ಒಂದು ದಿನ ಅವರ ಮನೆಗೆ ಡಬ್ಬಿಗಳು ಬಂದವು. ಮಾಸ್ತರು ಅವನ್ನು ಅವಸರದಿಂದ ಒಳಗೆ ಒಯ್ದರು. ಏನದು ಎಂದು ಕೇಳಿದೆ. “ಏನಿಲ್ಲವಾ, ಟೈಂಪಾಸ್,” ಎಂದರೇ ಹೊರತು ನನ್ನ ಮುಖ ನೋಡಲಿಲ್ಲ. ಮರುವಾರ ಹಿತ್ತಲ ಕೋಣೆಯ ಕಿಟಕಿಗೆ ಕರಿ ಅರಿವೆ ಬಿತ್ತು. ಒಳಗಿನಿಂದ ಸಣ್ಣಗೆ ಕೊರೆಯುವಂಥ ಸದ್ದು, ಅದರ ಹಿಂದೆಯೇ ಆ ವಾಸನೆ. ಹಗಲು ಹೊತ್ತಿನಲ್ಲಿ ಕಿಟಕಿ ಮುಚ್ಚಿಕೊಂಡು ಮಾಡುವಂಥ ಕೆಲಸ ಯಾವುದಿದ್ದೀತು?

ಒಂದು ರವಿವಾರ ಮಜ್ಜಿಗೆಯ ಪಾತ್ರೆ ವಾಪಸು ಕೊಡಲು ಹೋದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲ ಕೋಣೆಯ ಬಾಗಿಲು ದೂಡಿದೆ. ಮಾಸ್ತರು ಹಸಿರು ಕನ್ನಡಕ ಹಾಕಿಕೊಂಡು ಬಗ್ಗಿ ನಿಂತಿದ್ದರು. ರೊಟ್ಟಿ ಬಡಿಯುವ ಕೊಣಮಿಗೆಯಷ್ಟೇ ಇದ್ದ ಒಂದು ಯಂತ್ರ. ಅದರ ಬೆರಳುದ್ದದ ಮೂತಿಯಿಂದ ನೀಲಿ ಬೆಳಕು ಕಟ್ಟಿಗೆಯ ಮೇಲೆ ಹರಿದಾಡುತ್ತಿತ್ತು.

“ಒಳಗ ಬರಬ್ಯಾಡ! ಮಾರಿ ತಿರುಗಸು ಮೊದ್ಲ!” ಎಂದು ಚೀರಿ ನನ್ನ ಮುಂದೆಯೇ ಬಾಗಿಲು ಹಾಕಿಬಿಟ್ಟರು. ಅವರು ಅಷ್ಟು ದೊಡ್ಡ ದನಿ ಮಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಬಂದೆ. ಸಂಜೆ ಅವರೇ ಬಂದು, “ಸಿಟ್ಟಾಗಬ್ಯಾಡವಾ. ಆ ಬೆಳಕು ಸಣ್ಣದಿದ್ರೂ ಕಣ್ಣಿಗೆ ಕೆಟ್ಟ,” ಎಂದರು. ನಾನು ನಂಬಲಿಲ್ಲ. ನಾಲ್ಕು ದಿನ ಬಿಟ್ಟು ಅವರು ಕೇಳಿದ ಮಾತು ನನ್ನ ಸಂಶಯವನ್ನು ಇನ್ನೂ ಬಲಮಾಡಿತು.

“ತಂಗೀ, ನಿಮ್ಮ ಸಾಲ್ಯಾಗ ಸೀಲಿಗೆ ಹಚ್ಚತೀರಲ್ಲ, ಆ ಮಸಿ ಎಲ್ಲಿ ಸಿಗತೈತಿ? ತೊಳದ್ರ ಪೂರಾ ಹೋಗತೈತೇನು?”

ಆ ಮಳೆಗಾಲದಲ್ಲೇ ನಮ್ಮ ಹೈಸ್ಕೂಲಿಗೆ ಒಂದು ಪತ್ರ ಬಂತು. ಯಾರೋ ನೌಕರಿಗೆ ಅರ್ಜಿ ಹಾಕುವಾಗ ಕೊಟ್ಟ ಟಿಸಿಯ ನಕಲು ಅದರ ಜೊತೆಗಿತ್ತು. ಇದು ನಿಮ್ಮದೇ ಹೌದೇ ಎಂದು ಕೇಳಿದ್ದರು. ನಮ್ಮದಲ್ಲ. ಆದರೆ ಅದರ ಮೇಲಿದ್ದ ಗುಂಡು ಸೀಲು ಥೇಟ್ ನಮ್ಮದೇ. ಮುಖ್ಯಾಧ್ಯಾಪಕರು ನನ್ನನ್ನು ಕರೆದರು.

“ಸೀಲು ಇರೂದು ನಿಮ್ಮ ಕಪಾಟಿನ್ಯಾಗ್ರಿ. ಕೀಲಿ ನಿಮ್ಮ ಕಡೆ. ನಾ ಏನಂತ ಬರೀಲಿ?”

ಅಂದಿನಿಂದ ಸ್ಟಾಫ್ ರೂಮಿನಲ್ಲಿ ನಾನು ಹೋದೊಡನೆ ಮಾತು ನಿಲ್ಲತೊಡಗಿತು. ಚಹಾದ ಹೊತ್ತಿಗೆ ಯಾರೂ ನನ್ನ ಬಾಜು ಕೂಡುತ್ತಿರಲಿಲ್ಲ. ಮನೆಗೆ ಬಂದರೆ ಮತ್ತೆ ಆ ವಾಸನೆ... ಒಂದು ಸಂಜೆ ನಮ್ಮ ಹಿತ್ತಲಲ್ಲಿ ನಿಂತು ಅವರು ಕಸ ಚೆಲ್ಲುವ ಜಾಗದಲ್ಲಿ ಕಣ್ಣಾಡಿಸಿದೆ. ಒಡೆದ ಕಟ್ಟಿಗೆಯ ತುಂಡೊಂದು ಬಿದ್ದಿತ್ತು. ಸುಟ್ಟು ಕೊರೆದ ಅರ್ಧ ವರ್ತುಲ, ಅದರಂಚಿಗೆ ಎರಡು ತಿರುವುಮುರುವು ಅಕ್ಷರ. ಮೋಟುಗೋಡೆಯಾಚೆ ಕೈ ಚಾಚಿ ಎತ್ತಿಕೊಂಡೆ. ಒಳಗೆ ಬಂದು ಕನ್ನಡಿಗೆ ಹಿಡಿದೆ.

‘ಸರ’ ಎಂದಿತ್ತು.

ನಮ್ಮ ಸೀಲು ಶುರುವಾಗುವುದೇ ‘ಸರಕಾರಿ ಪ್ರೌಢಶಾಲೆ’ ಎಂದು. ನಾನು ಹೆದರಿದೆ ಎಂದು ಬರೆದರೆ ಸುಳ್ಳಾದೀತು. ಪಾರಾದೆನೆಂದು ಖುಷಿಯಾಯಿತು. ಬಾಜು ಮನೆಗೆ ಹೋಗಿ ಇದೇನೆಂದು ಕೇಳಬಹುದಿತ್ತು. ಹತ್ತು ಹೆಜ್ಜೆ ದೂರ. ಕೇಳಲಿಲ್ಲ. ಮರುದಿನ ಆ ತುಂಡನ್ನು ಮುಖ್ಯಾಧ್ಯಾಪಕರ ಮೇಜಿನ ಮೇಲಿಟ್ಟೆ.

ಎರಡು ದಿನ ಬಿಟ್ಟು ಪೊಲೀಸರು ಬಂದರು. ಕಾಕುವಿನ ಹುಡುಗಿಯರು ಬಂದು ಕೂತಿದ್ದ ಹೊತ್ತು. ಯಂತ್ರವನ್ನೂ ಹಳೆಯ ಲ್ಯಾಪ್‌ಟಾಪನ್ನೂ ಹೊರಗೆ ತಂದು, ಒಂದು ಚೀಲವನ್ನು ಕಟ್ಟೆಯ ಮೇಲೆ ಸುರುವಿದರು. ಓಣಿಯ ಮಂದಿ ನೆರೆದಿದ್ದರು. ನಾನು ನಮ್ಮ ಬಾಗಿಲ ಹಿಂದೆ ನಿಂತಿದ್ದೆ. ಚೀಲದಿಂದ ಬಿದ್ದದ್ದು ಕಟ್ಟಿಗೆಯ ತುಂಡುಗಳೇ. ಒಂದರ ಮೇಲೆ ಗೋಪುರ, ಒಂದರ ಮೇಲೆ ಆನೆ, ಇನ್ನೊಂದರ ಮೇಲೆ ತುಳಸಿಕಟ್ಟೆ, ಎಲ್ಲವೂ ಸಣ್ಣ ಸಣ್ಣ ಚುಕ್ಕಿಗಳಲ್ಲಿ. ಕೆಲವು ಅತಿಯಾಗಿ ಸುಟ್ಟು ಕರಕಲಾಗಿದ್ದವು, ಕೆಲವು ಮೇಲಷ್ಟೇ ಕಂದಾಗಿದ್ದವು. ನಡುವೆ ಒಂದು ಗುಂಡು ತುಂಡು.

“ಇವು ಏನ್ರಿ?” ಎಂದರು ಸಬ್ ಇನ್ಸ್‌ಪೆಕ್ಟರ್. ಮಾಸ್ತರು ಕಾಕುವಿನ ಕಡೆ ನೋಡಿದರು. ಮತ್ತೊಮ್ಮೆ ಜೋರಾಗಿ ಕೇಳಿದಾಗ ಕಾಕು ಹೊಸ್ತಿಲು ದಾಟಿ ಬಂದರು.

“ನನಗ ಎಳಿ ಕಾಣವಲ್ವು ಸಾಹೇಬ್ರ. ಎಳಿ ಎಣಸದ ಕಸೂತಿ ಆಗೂದಿಲ್ಲ. ಅದಕ್ಕ ಇವರು ಅಚ್ಚು ಮಾಡ್ಯಾರ. ಅರಬಿ ಮ್ಯಾಲೆ ಚುಕ್ಕಿ ಒತ್ತಿಕೊಟ್ರ ನಾ ಅದರ ಮ್ಯಾಲೆ ಹೊಲೀತೀನಿ, ಆಮ್ಯಾಲೆ ತೊಳೀತೀನಿ. ಆ ಗುಂಡಂದು ನನ್ನ ಹೆಸರು. ಮೂಲ್ಯಾಗ ಒತ್ತಾಕ.”

ಕಾಕುವಿನ ಹೆಸರು ಸರಸ್ವತಿ. ಯಾರಾದರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕಣ್ಣು ಕಾಣದ ಮಾತನ್ನು ಕಾಕು ಅವರಿಂದ ಮುಚ್ಚಿಟ್ಟಿದ್ದರು. ಮಾಸ್ತರು ಯಾರಿಗೂ ಏನೂ ಹೇಳದೆ ಆ ಯಂತ್ರದ ಜೊತೆ ಒದ್ದಾಡಿದ್ದು ಅದಕ್ಕೇ. ಆ ಸಣ್ಣ ಬೆಳಕಿಗೆ ಒಮ್ಮೆಲೇ ಕೊರೆಯುವ ಶಕ್ತಿ ಇರಲಿಲ್ಲವಂತೆ. ಒಂದು ಆನೆ ಮೂಡಬೇಕಾದರೆ ಅದೇ ಗೆರೆಯ ಮೇಲೆ ಏಳೆಂಟು ಸಲ ಓಡಿಸಬೇಕು. ಇದೆಲ್ಲ ಗೊತ್ತಾದದ್ದು ಅಂದು, ಅವರು ಪೊಲೀಸರೆದುರು ಕೈಕಟ್ಟಿ ನಿಂತು ವಿವರಿಸುವಾಗ.

ಆದರೂ ಯಂತ್ರವನ್ನು ಒಯ್ದರು. ವಾಪಸು ಬಂದಾಗ ಅದರ ಮೂತಿಯ ಗಾಜು ಸೀಳಿತ್ತು. ಸುಳ್ಳು ಟಿಸಿಯ ಸೀಲನ್ನು ಅದನ್ನು ಕೊಟ್ಟವನೇ ಬೇರೆ ಊರಿನ ಅಂಗಡಿಯೊಂದರಲ್ಲಿ ಮಾಡಿಸಿದ್ದನೆಂದು ಆಮೇಲೆ ಗೊತ್ತಾಯಿತು. ಮುಖ್ಯಾಧ್ಯಾಪಕರು ನಗುತ್ತ ಹೇಳಿದರು, ನಾನೂ ನಕ್ಕೆ. ಕಾಕುವಿನ ಪಡಸಾಲೆಗೆ ಹುಡುಗಿಯರು ಬರುವುದು ಒಬ್ಬೊಬ್ಬರಾಗಿ ನಿಂತಿತು. ಕಾಣದವರ ಕಡೆ ಏನು ಕಲಿಯುವುದೆಂದು ಅವರ ಮನೆಯವರು ಅಂದರಂತೆ.

ಮಾಸ್ತರು ಮಾತ್ರ ಮೊದಲಿನಂತೆಯೇ ಇದ್ದರು. “ಸಾಲಿ ಹೆಂಗ ನಡದೈತವಾ?” ಅದೇ ಮಾತು. ಈಗ ಅದರಲ್ಲಿ ನನಗೆ ಬೇರೇನೋ ಕೇಳಿಸುತ್ತಿತ್ತು. ಗೊತ್ತಿದ್ದೇ ಕೇಳುತ್ತಾರೋ? ಚುಚ್ಚುತ್ತಾರೋ? ಸಂಜೆ ನಾನು ಬರುವ ಹೊತ್ತಿಗೆ ಅವರು ಕಟ್ಟೆಯ ಮೇಲೆ ಕೂತಿರತೊಡಗಿದರು. ನನ್ನನ್ನು ಕಾಯುತ್ತಿದ್ದಾರೆ, ಒಂದು ದಿನ ಓಣಿಯೆದುರು ಬೈಯುತ್ತಾರೆ ಎಂದುಕೊಂಡು ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದೆ. ಮರುವರ್ಷ ಮಾಸ್ತರನ್ನು ಎದೆನೋವೆಂದು ಹುಬ್ಬಳ್ಳಿಗೆ ಒಯ್ದರು. ಜೀವಂತ ವಾಪಸು ಬರಲಿಲ್ಲ. ಮಣ್ಣಿಗೆ ಹೋದವರ ಗುಂಪಿನಲ್ಲಿ ನಾನು ಕೊನೆಗೆ ನಿಂತಿದ್ದೆ...

ಕಾಕು ಈಗ ಅಣ್ಣಿಗೇರಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಹೋದ ರವಿವಾರ ಬಸ್ಸು ಹತ್ತಿ ಹೋದೆ. ದನಿಯಿಂದಲೇ ನನ್ನ ಗುರುತು ಹಿಡಿದರು. ಚಹಾ ಕುಡಿದು ಕಪ್ಪು ಕೆಳಗಿಟ್ಟು ಹೇಳಿಬಿಟ್ಟೆ.

“ಕಾಕು, ಅವತ್ತ ಪೊಲೀಸ್ರು ಬರಾಕ ಕಾರಣ ನಾನ್ರಿ.”

“ಗೊತ್ತೈತಿ,” ಎಂದರು ಕಾಕು. “ಅವರಿಗೂ ಗೊತ್ತಿತ್ತು. ನಮ್ಮ ಹಿತ್ತಲದಾಗಿನ ತುಂಡು ಪೊಲೀಸ್ರ ಕೈಯಾಗ ಇತ್ತಲ್ಲ. ನೀ ಬಿಟ್ರ ಮತ್ಯಾರ ಎತಗೊಂಡಾರು?”

“ಹಂಗಾರ ಒಂದ ಮಾತೂ ಯಾಕ ಅನಲಿಲ್ರಿ?”

“ನೀನ ಬಂದು ಹೇಳ್ತಿ ಅಂದ್ರು. ದಿನಾ ಸಂಜಿಕ ಕಟ್ಟಿ ಮ್ಯಾಲೆ ಕುಂಡ್ರತಿದ್ರಲ್ಲ, ಮತ್ಯಾಕ ಅಂದುಕೊಂಡಿ?”

ಕಾಕುವಿನ ಕೈ ಹಿಡಿದು ತಪ್ಪಾಯಿತು, ಕ್ಷಮಿಸಿರಿ ಎಂದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ.

“ನನಗ ಹೇಳಿ ಏನ್ ಮಾಡ್ತೀಯವಾ,” ಎಂದರು. “ಕೇಳಬೇಕಾದವರು ಎದ್ದು ಹೋದ್ರು.”