ಅವ್ವ ಗಾಡಿ ಹೊಡೆದುಕೊಂಡು ಹೋದದ್ದು

ಶಿರಸ್ತ್ರಾಣ ಎಂಥ ಸಮತಾವಾದಿ ಎಂಬುದು ಅದನ್ನು ತಲೆಗೇರಿಸಿಕೊಂಡು ಪರವೂರಿನ ಪೆಟ್ರೋಲ್ ಬಂಕಿನಲ್ಲಿ ನಿಂತವರಿಗಷ್ಟೇ ಗೊತ್ತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ, ಮೊಣಕಾಲು ನೋವಿನ, ಎತ್ತರದಲ್ಲಿ ದೇವರು ಕೈ ಬಿಗಿಹಿಡಿದಿದ್ದ ನನ್ನನ್ನು ಉಮರ್ಗಾದ ಬಂಕಿನವನು ಮರಾಠಿಯಲ್ಲಿ "ಭಾವು" ಎಂದು ಕರೆದ, ಅಣ್ಣಾ ಎಂದರ್ಥ. ನಾನು ಹೆಲ್ಮೆಟ್ಟಿನ ಗಾಜು ಎತ್ತಿದಾಗ ಅವನ ಕೈಯಲ್ಲಿದ್ದ ನಳಿಕೆ ಗಾಳಿಯಲ್ಲೇ ನಿಂತಿತು. ಅವನ ತಪ್ಪೇನೂ ಇಲ್ಲ. ನಾನೇ ಹಾಗೊಬ್ಬಳನ್ನು ಕಂಡಿದ್ದರೆ ಬಾಯಿ ತೆರೆದು ನಿಲ್ಲುತ್ತಿದ್ದೆ.

ನಾನು ಏರಿ ಬಂದಿದ್ದ ಆ ಬೈಕು ನನ್ನ ಯಜಮಾನರದು. ಹುಮನಾಬಾದಿನ ನಮ್ಮ ಮನೆಯಿಂದ ಮಾಣಿಕನಗರದ ತಮ್ಮ ಕಿರಾಣಿ ಅಂಗಡಿಗೆ ಅವರು ಅದರ ಮೇಲೆಯೇ ಹೋಗಿಬರುತ್ತಿದ್ದರು. ಒಬ್ಬನೇ ಮಗ ಸಿದ್ದು ಸೈನ್ಯಕ್ಕೆ ಸೇರಿದ ದಿನ ಸ್ಟೇಷನ್ನಿನಲ್ಲಿ ಅವನ ಹೆಗಲು ತಟ್ಟಿ, "ನಿನಗ ಎಲ್ಲಿಗ್ಯಾರ ಹಾಕ್ಲಿ, ನಾ ಗಾಡಿ ಮ್ಯಾಲೇ ಬರ್ತೀನಿ ನೋಡು" ಎಂದಿದ್ದರು. ಅಂಗಡಿಗೆ ಒಂದು ದಿನ ಬೀಗ ಹಾಕಲೂ ಮನಸ್ಸಾಗದ ಮನುಷ್ಯ! ಆದರೆ ಮಗನ ವಿಷಯದಲ್ಲಿ ಅವರು ತಮಾಷೆಗೂ ಸುಳ್ಳಾಡಿದವರಲ್ಲ.

ಮಾತು ಉಳಿಸಿಕೊಳ್ಳುವ ಮೊದಲೇ ಅವರು ಹೋಗಿಬಿಟ್ಟರು. ಸಿದ್ದು ಆಗ ಹಿಮದ ನೆತ್ತಿಯ ಕಾವಲಿನಲ್ಲಿದ್ದ. ಹವಾಮಾನ ಕೆಟ್ಟು, ಸುದ್ದಿ ಅವನಿಗೆ ತಲುಪಿ, ಅವನು ಕೆಳಗಿಳಿಯುವಷ್ಟರಲ್ಲಿ ಇಲ್ಲಿ ಕಾರ್ಯಗಳೆಲ್ಲ ಮುಗಿದು ಬಂಧುಗಳು ಚದುರಿದ್ದರು. "ಈಗ ಬಂದು ಏನ್ ಮಾಡ್ಲಿ ಅವ್ವಾ" ಎಂದವನು ಬರಲಿಲ್ಲ. ಆಮೇಲೆ ರಾಜಸ್ಥಾನದ ಗಡಿಗೆ ವರ್ಗವಾದ ಮೇಲೂ ಬರಲಿಲ್ಲ. ರಜೆ ಇಲ್ಲ ಎನ್ನುತ್ತಿದ್ದ. ಇದ್ದ ರಜೆಯನ್ನು ಮುಂದೆ ಹಾಕುತ್ತಿದ್ದ. ಭಾನುವಾರದ ಫೋನಿನಲ್ಲಿ ನಮ್ಮಿಬ್ಬರ ಸಾಹಿತ್ಯವೆಲ್ಲ ಎರಡೇ ಶಬ್ದಕ್ಕೆ ಇಳಿದಿತ್ತು: ಉಂಡಿ? ಉಂಡೆ. ಪೂರ್ವಪದ ಉತ್ತರಪದಗಳನ್ನು ಸಂಧಿಮಾಡಿ ತೋರಿಸುತ್ತಲೇ ಆಯುಷ್ಯ ಸವೆಸಿದ ನನಗೆ ಮಗನ ಮೌನಕ್ಕೆ ಸಂಧಿ ಕೂಡಿಸಲು ಬರಲಿಲ್ಲ.

ಒಂದು ಭಾನುವಾರ ಅವನೇ ಕೇಳಿದ: "ಅಪ್ಪನ ಗಾಡಿ ಮಾರೀದಿ ಏನು?"

"ಇಲ್ಲಪ್ಪ. ಅಂಗಳದಾಗೇ ಅದ."

"ಮಾರಬ್ಯಾಡ" ಎಂದ. ಅಷ್ಟೇ. ಫೋನಿಟ್ಟ ಮೇಲೆ ಹೊರಗೆ ಬಂದು ಧೂಳು ಹಿಡಿದ ಆ ಗಾಡಿಯ ಮುಂದೆ ಕುಳಿತೆ. ಶಾಲೆಗೆ ಮೊಪೆಡ್ ಮೇಲೆ ಹೋಗಿಬಂದವಳು ನಾನು. ಗೇರಿನ ಗಾಡಿ ಮುಟ್ಟಿದವಳಲ್ಲ. ಆದರೆ ಈ ಮಗ ಮನೆಗೆ ಬರುವವನಲ್ಲ, ಮನೆಯೇ ಅವನಲ್ಲಿಗೆ ಹೋಗಬೇಕು ಎಂಬುದು ಆ ಸಂಜೆ ಸ್ಪಷ್ಟವಾಯಿತು.

ಮುಡಬಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವ ತಮ್ಮ ಶರಣಪ್ಪ ಕೇಳಿ ಹೌಹಾರಿದ. "ಅಕ್ಕಾ, ರೈಲ್ ಅದಾವ, ಬಸ್ ಅದಾವ. ಈ ವಯಸ್ಸಿನ್ಯಾಗ ನಿನಗ್ಯಾಕ ಈ ಖಟ್ಲೆ?" ಎಂದ. ಬೈದವನೇ ತೊಗರಿ ಕಿತ್ತ ತನ್ನ ಹೊಲದಲ್ಲಿ ನನಗೆ ಕಲಿಸಿದವನು. ತರಗತಿಯಲ್ಲಿ ಗುರು-ಲಘು ಹಾಕಿಸುತ್ತಿದ್ದ ನಾನು, ಆ ಹೊಲದಲ್ಲಿ ಗಾಡಿಯೇ ಗುರು, ನಾನು ಬರಿಯ ಲಘು ಎಂದು ಮಣ್ಣು ಮುಕ್ಕಿ ಒಪ್ಪಿಕೊಂಡೆ. ಹೊರಟ ದಿನ ಬಸವಕಲ್ಯಾಣದ ಕ್ರಾಸಿನಲ್ಲಿ ಅವನು ರೊಟ್ಟಿ ಗಂಟು ಹಿಡಿದು ನಿಂತಿದ್ದ. ಗಂಟನ್ನು ಹಿಂಬದಿಗೆ ಬಿಗಿಯಾಗಿ ಕಟ್ಟಿ, "ಫಿಕರ್ ಮಾಡಬ್ಯಾಡ. ಸಾವಕಾಶ ಹೋಗು" ಎಂದು ಮುಖ ತಿರುಗಿಸಿಕೊಂಡ.

ದಾರಿಯ ವರ್ಣನೆಯಲ್ಲಿ ನಿಮ್ಮನ್ನು ದಣಿಸಲಾರೆ. ಸೊಲ್ಲಾಪುರ, ನಾಸಿಕ, ಗುಜರಾತಿನ ಸಪಾಟು ಹೆದ್ದಾರಿಗಳು. ಬಿಸಿಲು ಏರುವ ಮುನ್ನ ಹೊರಟು ಇಳಿಯುವ ಮುನ್ನ ಧರ್ಮಶಾಲೆ ಸೇರುವ ದಿನಚರಿ. ಗಾಡಿ ಇಳಿದ ಮೇಲೂ ಜುಮ್ಮೆನ್ನುತ್ತಲೇ ಇರುವ ಅಂಗೈಗಳು. ರಾಜಸ್ಥಾನದಲ್ಲಿ ಅಡ್ಡಗಾಳಿ ಮರಳು ಹೊತ್ತು ಬಂದು ನನ್ನನ್ನು ರಸ್ತೆಯಂಚಿಗೆ ನೂಕಿ ಗಾಡಿಸಮೇತ ಕೆಡವಿತು. ಹಿಂದಿದ್ದ ಲಾರಿಯ ಮುದುಕ ಚಾಲಕ ಇಳಿದು ಗಾಡಿ ಎತ್ತಿಕೊಟ್ಟ. ಎಲ್ಲಿಗೆ ಎಂದು ಕೇಳಿದ. ಮಗ ಸೈನ್ಯದಲ್ಲಿದ್ದಾನೆ ಎಂದೆ. ಮುಂದಿನ ಊರಿನವರೆಗೂ ತನ್ನ ಲಾರಿಯನ್ನು ಗಾಳಿ ಬರುವ ಮಗ್ಗುಲಿಗೆ ಇಟ್ಟುಕೊಂಡು, ನನ್ನ ಆಮೆ ನಡಿಗೆಗೆ ತಕ್ಕಂತೆ ಓಡಿಸಿದ. ಹೆಸರು ಕೇಳಲೂ ಆಗಲಿಲ್ಲ.

ಅಷ್ಟುದ್ದದ ದಾರಿಯಲ್ಲಿ ನಾನು ಒಂದು ಸುಳ್ಳನ್ನು ತಿದ್ದಿ ತೀಡಿ ಸಿದ್ಧಪಡಿಸುತ್ತಿದ್ದೆ. ಕೊನೆಗಾಲಕ್ಕೆ ಅಪ್ಪ ನಿನ್ನ ಹೆಸರು ಕರೆದ ಎಂದು ಹೇಳಬೇಕು. ತಾಯಂದಿರಿಗೆ ಇಷ್ಟು ಅಲಂಕಾರಕ್ಕೆ ಅನುಮತಿ ಇದೆ ಎಂದೇ ನನ್ನ ನಂಬಿಕೆ.

ಶಿಬಿರದ ಹೆಬ್ಬಾಗಿಲಿನಲ್ಲಿ ಹೇಳಿಕಳಿಸಿದೆ. ಸಿದ್ದು ಸಮವಸ್ತ್ರದಲ್ಲೇ ಓಡುತ್ತ ಬಂದವನು ಹತ್ತು ಹೆಜ್ಜೆ ಆಚೆ ನಿಂತುಬಿಟ್ಟ. ನನ್ನನ್ನು ನೋಡಿದ, ಗಾಡಿಯನ್ನು ನೋಡಿದ. "ನೀನಾ ಹೊಡ್ಕೊಂಡು ಬಂದೀ?" ಎಂದ. ಹೂಂ ಎಂದೆ. ಕೆರೆದುಹೋಗಿದ್ದ ನನ್ನ ಮೊಣಕೈ ಕಂಡು ಬೈದ, ಔಷಧಿ ಹಚ್ಚಿಸಿದ, ಅತಿಥಿಗಳ ಕೋಣೆಯ ಜಗಲಿಯಲ್ಲಿ ಕೂರಿಸಿ ಚಹಾ ತಂದ. ಉಂಡಿ? ಉಂಡೆ.

ಆಮೇಲೆ ಬೂಟಿನ ತುದಿ ನೋಡುತ್ತ ಕೇಳಿದ: "ಅವತ್ತ ಅಪ್ಪ ಏನ್ ಮಾಡಾಕತ್ತಿದ್ದ?"

ನಾನು ಬೆಚ್ಚಿದೆ. ಧೈರ್ಯ ತಗೋ, ದೇವರಿದ್ದಾನೆ, ಅವ್ವನ್ನ ನೋಡಿಕೋ ಎಂದು ಬಳಗವೆಲ್ಲ ಫೋನಿನಲ್ಲಿ ಇವನಿಗೆ ಹೇಳಿದ್ದೇವೆ. ಆದದ್ದೇನು ಎಂದು ಮಾತ್ರ ಯಾರೂ ಹೇಳಿಲ್ಲ. ಇಷ್ಟು ಕಾಲವೂ ಅವನ ಅಪ್ಪ ಅವನ ಪಾಲಿಗೆ ಒಂದು ಸಂದೇಶದಲ್ಲಿ ಸತ್ತಿದ್ದ.

ಹೇಳಿದೆ. ಮುಂಜಾನೆ ರೊಟ್ಟಿ, ಪುಂಡಿಪಲ್ಯ ತಿಂದದ್ದು. ಉಪ್ಪು ಕಡಿಮೆಯೆಂದು ಗೊಣಗಿದ್ದು. ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದವರು ತಕ್ಕಡಿ ಕೆಳಗಿಟ್ಟು ಕುಳಿತದ್ದು. ಪಕ್ಕದ ಅಂಗಡಿಯವರು ಆಟೋ ಹತ್ತಿಸಿದ್ದು, ದವಾಖಾನೆ ಮುಟ್ಟುವುದರೊಳಗೆ ಮುಗಿದದ್ದು.

"ನನ್ನ ಹೆಸರು ತಗೊಂಡಾನೇನು?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಅವನ ಕಣ್ಣು ನೋಡಿದೆ. ಇವನು ಸಮಾಧಾನ ಕೇಳುತ್ತಿಲ್ಲ, ಅಪ್ಪನನ್ನು ಕೇಳುತ್ತಿದ್ದಾನೆ ಅನಿಸಿತು.

"ಇಲ್ಲ ಮಗಾ. ಯಾರ ಹೆಸರೂ ತಗೊಳ್ಳಲಿಲ್ಲ. ಬಾಜೂ ಅಂಗಡಿಯವರಿಗೆ ನೀರು ಕೇಳ್ದ್ರಂತ. ಅರ್ಧ ಕುಡಿದ್ರಂತ. ಅಷ್ಟ."

"ಮಣ್ಣು ಯಾರು ಕೊಟ್ರು?"

"ಶರಣಪ್ಪ ಮಾವ."

ಸಿದ್ದು ತಲೆಯಾಡಿಸಿದ. ಆಮೇಲೆ ನನ್ನ ಮಡಿಲಿಗೆ ಮುಖವಿಟ್ಟು, ಅಂಗಳದಲ್ಲಿ ಯಾರಿದ್ದಾರೆ ಎಂದೂ ನೋಡದೆ, ಸಣ್ಣವನಿದ್ದಾಗ ಅಳುತ್ತಿದ್ದ ಹಾಗೆಯೇ ದನಿ ತೆಗೆದು ಅತ್ತ. ನಾನು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತೆ. ಬಹಳ ಹೊತ್ತಿನ ಮೇಲೆ ಎದ್ದು ಮುಖ ಒರೆಸಿಕೊಂಡು, "ನಾಳಿ ಸಾಹೇಬರಿಗೆ ರಜೆ ಕೇಳ್ತೀನಿ. ಊರಿಗೆ ಹೋಗೂಣು" ಎಂದ.

ನಾನು ಏಳಹೋದೆ. ಅವನು ಕೈ ಹಿಡಿದು ಕೂರಿಸಿದ.

"ಇನ್ನೊಮ್ಮೆ ಹೇಳವ್ವಾ. ಮುಂಜಾನಿಯಿಂದ ಹೇಳು."

ನಾನು ಮುಂಜಾನೆಯಿಂದ ಶುರುಮಾಡಿದೆ.