ಅತ್ತೆಯ ಮೈಮೇಲಿನ ಸುಳಿಗಳು

ಊರಿನ ಕುದುರೆ ಲಾಯಗಳಲ್ಲಿ ಆ ಅಕ್ಕತಂಗಿಯರಿಗೆ ದೊಡ್ಡ ಕತ್ತರಿ, ಚಿಕ್ಕ ಕತ್ತರಿ ಎಂದೇ ಹೆಸರು. ಕತ್ತರಿ ಹಿಡಿಯುವ ಕಾಲ ಅವರ ಅಪ್ಪನ ಜೊತೆಗೇ ಮುಗಿದಿತ್ತು, ಈಗೆಲ್ಲ ಕರೆಂಟಿನ ಮಷಿನ್ನು. ಹೆಸರು ಮಾತ್ರ ಹಾಗೇ ಉಳಿದಿತ್ತು. ಚಳಿ ಶುರುವಾಗುವ ಹೊತ್ತಿಗೆ ಕುದುರೆಗಳ ಮೈತುಂಬ ದಟ್ಟವಾಗಿ ಕೂದಲು ಬೆಳೆಯುತ್ತದೆ. ಸುಮ್ಮನೆ ನಿಂತು ಮೇಯುವ ಕುದುರೆಗೆ ಅದು ಕಂಬಳಿಯಾದರೆ ದುಡಿಯುವ ಕುದುರೆಗೆ ಶತ್ರು. ಓಡಿ ಬೆವರಿದ ಮೈ ಆರುವುದಿಲ್ಲ, ಒದ್ದೆಯಲ್ಲೇ ನಿಂತು ಶೀತ ಹಿಡಿಯುತ್ತದೆ. ಆದ್ದರಿಂದ ಕೂದಲು ಇಳಿಸಬೇಕು. ಅಕ್ಕ ಕುದುರೆಯ ತಲೆ ಹಿಡಿದು ನಿಲ್ಲುತ್ತಿದ್ದಳು, ತಂಗಿ ಮಷಿನ್ನು ಓಡಿಸುತ್ತಿದ್ದಳು. ದೇವರು ಅಕ್ಕನಿಗೆ ಬಾಯಿ ಕೊಟ್ಟ, ತಂಗಿಗೆ ಕೈ ಕೊಟ್ಟ ಎಂದು ಜನ ನಗುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚಿಕ್ಕ ಕತ್ತರಿಯ ಬಾಯಿಂದ ಮಾತು ಹೊರಡಿಸುವುದೂ ಒಂದೇ, ಕಲ್ಲು ಹಿಂಡಿ ನೀರು ತೆಗೆಯುವುದೂ ಒಂದೇ.

ಕೂದಲು ಇಳಿಸುವುದೆಂದರೆ ಹುಲ್ಲು ಕೊಯ್ದಂತಲ್ಲ. ಕೂದಲು ಯಾವ ಕಡೆ ಮಲಗಿದೆಯೋ ಅದಕ್ಕೆ ಎದುರಾಗಿ ಮಷಿನ್ನು ಓಡಬೇಕು. ಬೆನ್ನು, ತೊಡೆ ಎಲ್ಲ ಸಲೀಸು. ತೊಂದರೆ ಕೊಡುವುದು ಸುಳಿ. ಮಗುವಿನ ನೆತ್ತಿಯ ಮೇಲಿರುವಂತೆ ಕುದುರೆಯ ಹಣೆಯಲ್ಲಿ, ಕತ್ತಿನಲ್ಲಿ, ಪಕ್ಕೆಯಲ್ಲಿ ಸುಳಿಗಳಿರುತ್ತವೆ. ಅಲ್ಲಿ ಕೂದಲು ಒಂದು ಚುಕ್ಕೆಯಿಂದ ಹೊರಟು ಸುತ್ತಲೂ ತಿರುಗುತ್ತದೆ. ಒಂದು ಕುದುರೆಗೆ ಇದ್ದಂತೆ ಇನ್ನೊಂದಕ್ಕೆ ಇರುವುದಿಲ್ಲ. ಕೆಲವಕ್ಕೆ ಸುಳಿಯಿಂದ ಒಂದು ಗೆರೆ ಹೊರಟು, ಎರಡೂ ಬದಿಯ ಕೂದಲು ಎದುರುಬದುರು ಮಲಗಿ, ಕತ್ತಿನುದ್ದಕ್ಕೂ ತೆನೆ ಇಟ್ಟಂತೆ ಕಾಣುತ್ತದೆ. ಚಿಕ್ಕ ಕತ್ತರಿ ಮೊದಲು ಕಣ್ಣು ಮುಚ್ಚಿ ಅಂಗೈಯಿಂದ ಇಡೀ ಮೈ ಸವರುತ್ತಿದ್ದಳು. ಆಮೇಲೆ ಸುಳಿ ಬಂದಲ್ಲೆಲ್ಲ ಮಣಿಕಟ್ಟು ತಾನಾಗಿ ತಿರುಗುತ್ತಿತ್ತು.

ಹೀಗೆ ಇಬ್ಬರೂ ಮದುವೆಯ ಗೋಜಿಗೆ ಹೋಗದೆ, ಒಂದೇ ಮನೆಯಲ್ಲಿ, ಒಂದೇ ಕಸುಬಿನಲ್ಲಿ ಕೂದಲು ನರೆಯುವವರೆಗೂ ಬಂದಿದ್ದರು. ಒಂದು ಭಾನುವಾರ ಇಬ್ಬರೂ ಹೊದಿಕೆಯ ಎರಡು ತುದಿ ಹಿಡಿದು ಮಡಚುತ್ತಿದ್ದಾಗ ಅಕ್ಕ ಹೇಳಿದಳು.

"ನಾನು ಮದುವೆ ಆಗ್ತಿದ್ದೀನಿ."

"ಯಾರನ್ನ?"

"ಹುಲ್ಲಿನ ವ್ಯಾಪಾರೀನ."

ಲಾಯಗಳಿಗೆಲ್ಲ ಒಣಹುಲ್ಲು ಹಾಕುವ ವಿಧುರ ಆತ. ದಪ್ಪ ಮೀಸೆ, ಜೋರು ನಗು.

"ಯಾವಾಗ?"

"ಬರೋ ವಾರ."

"ಸರಿ."

"ಸರಿ ಅಂದ್ರೆ?"

"ಸರಿ ಅಂದ್ರೆ ಸರಿ. ಆ ಮೂಲೆ ಎಳಿ, ಸುಕ್ಕಾಗಿದೆ."

ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಯಿತು. ಅಕ್ಕ ತನ್ನ ಸಾಮಾನು ಹುಲ್ಲಿನ ಲಾರಿಗೇ ಹೇರಿಕೊಂಡು ಊರಿನ ಆಚೆ ತುದಿಗೆ ಹೊರಟುಹೋದಳು. ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದೂ ಹೇಳಿದಳು. ತಂಗಿ ಬಾಗಿಲಲ್ಲಿ ನಿಂತು ಕೈ ಬೀಸಿ, ಒಳಗೆ ಬಂದು, ಲಾರಿಯಿಂದ ಉದುರಿದ್ದ ಹುಲ್ಲು ಗುಡಿಸಿದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಕಾಲು ಮಡಚಿ ಕೂತು ಜೋಮು ಹಿಡಿದಾಗ ಚಿವುಟಿದರೆ ಬೇರೆ ಯಾರದೋ ಕಾಲನ್ನು ಚಿವುಟಿದಂತಿರುತ್ತದಲ್ಲ, ಹಾಗಿತ್ತು. ಹಸಿವಾದಾಗ ಉಂಡಳು, ನಿದ್ದೆ ಬಂದಾಗ ಮಲಗಿದಳು. ಪಕ್ಕದ ಮನೆಯಾಕೆ ಬಂದು, "ಪಾಪ, ಒಂಟಿಯಾಗಿಬಿಟ್ರಿ" ಎಂದು ತಾನೇ ಕಣ್ಣೊರೆಸಿಕೊಂಡಳು. ಚಿಕ್ಕ ಕತ್ತರಿ ಅವಳಿಗೆ ನೀರು ಕೊಟ್ಟು ಕಳಿಸಿದಳು.

ಸವಾರಿ ಶಾಲೆಯ ಕುದುರೆಗಳು ಸಾಧು. ಕಟ್ಟಿಹಾಕಿದರೆ ನಿಲ್ಲುತ್ತಿದ್ದವು. ಅವಳು ಒಬ್ಬಳೇ ಹೋಗಿ ಕೆಲಸ ಮುಗಿಸಿ ಬಂದಳು. ಕಷ್ಟ ಬಂದದ್ದು ಸಾರೋಟಿನ ಲಾಯದಲ್ಲಿ. ಊರು ನೋಡಲು ಬಂದವರನ್ನು ಸಾರೋಟಿನಲ್ಲಿ ಕೂರಿಸಿ ಸುತ್ತಿಸುವ ಕುದುರೆಗಳು ಅಲ್ಲಿದ್ದವು. ಅವುಗಳಲ್ಲಿ ಒಂದು ಕಂದು ಹೆಣ್ಣು ಕುದುರೆಗೆ ಲಾಯದವರೆಲ್ಲ ಸೇರಿ 'ಅತ್ತೆ' ಎಂದು ಹೆಸರಿಟ್ಟಿದ್ದರು. ಕಾರಣ ಕೇಳಬೇಕಾಗಿಯೇ ಇರಲಿಲ್ಲ. ಯಾರು ಏನು ಮಾಡಿದರೂ ಅದಕ್ಕೆ ಸರಿಬರುತ್ತಿರಲಿಲ್ಲ.

ಅತ್ತೆಯ ಮೈಯಂಥ ಮೈಯನ್ನು ಚಿಕ್ಕ ಕತ್ತರಿ ಬೇರೆಲ್ಲೂ ಕಂಡಿರಲಿಲ್ಲ. ಹಣೆಯಲ್ಲಿ ಒಂದರ ಮೇಲೊಂದು ಎರಡು ಸುಳಿ. ಕತ್ತಿನ ಎರಡು ಕಡೆಯೂ ಉದ್ದನೆಯ ತೆನೆ. ಹೊಟ್ಟೆಯ ಕೆಳಗೆ ಕುರಿಮರಿಯ ಉಣ್ಣೆಯಂಥ ಗುಂಗುರು ಪಟ್ಟಿ. ಎಡ ಪಕ್ಕೆಯಲ್ಲಂತೂ ಅಂಗೈಯಗಲದ ಸುಳಿ, ಅದರಿಂದ ಕೂದಲು ಬೀಸಣಿಗೆಯಂತೆ ಬಿಚ್ಚಿಕೊಂಡು ತೊಡೆಯವರೆಗೂ ಅಡ್ಡಡ್ಡ ಹೋಗಿತ್ತು. ಸುಳಿ ಹೆಚ್ಚಿದಷ್ಟೂ ಸಿಟ್ಟು ಹೆಚ್ಚು ಎಂಬುದು ಲಾಯದ ಮೇಸ್ತ್ರಿಯ ನಂಬಿಕೆ. ಕುದುರೆಗಳ ನಡುವೆಯೇ ಮುದುಕನಾದವನು ಅವನು.

ಮಷಿನ್ನಿನ ಸದ್ದು ಕೇಳಿದ್ದೇ ತಡ, ಅತ್ತೆ ಕಿವಿ ಹಿಂದಕ್ಕೆ ಮಡಚಿತು. ಮೇಸ್ತ್ರಿ ತಲೆ ಹಿಡಿದಿದ್ದರೂ ಗಿರ್ರನೆ ತಿರುಗಿ ಬಕೆಟ್ಟನ್ನು ಒದ್ದುರುಳಿಸಿತು. ಎರಡನೆಯ ಸಲ ಚಿಕ್ಕ ಕತ್ತರಿಯ ಭುಜವನ್ನು ಗೋಡೆಗೆ ಒತ್ತಿತು. ಮಷಿನ್ನು ಕೈಜಾರಿ ಬಿತ್ತು. ಭುಜ ನೋಯುತ್ತಿರಬೇಕು ಎಂದು ಅವಳಿಗೆ ಅನ್ನಿಸಿತು, ಅಷ್ಟೇ.

"ಮೂತಿಗೆ ಹಗ್ಗ ಬಿಗೀಲೇನಮ್ಮಾ?" ಎಂದ ಮೇಸ್ತ್ರಿ. "ತುಟಿ ತಿರುಚಿ ಹಿಡಿದ್ರೆ ಅಲ್ಲಾಡಲ್ಲ."

"ಬೇಡ. ಅಕ್ಕ ಯಾವತ್ತೂ ಬಿಗೀತಿರ್ಲಿಲ್ಲ."

"ನಿಮ್ಮಕ್ಕ ಕಿವೀಲಿ ಏನಾದ್ರೂ ಹೇಳ್ತಾನೇ ಇರ್ತಿದ್ರು. ಅದು ಕೇಳಿಸಿಕೊಂಡು ನಿಂತಿರ್ತಿತ್ತು."

"ಏನು ಹೇಳ್ತಿದ್ಲು?"

ಮೇಸ್ತ್ರಿ ಅವಳ ಮುಖವನ್ನೇ ನೋಡಿದ. "ಇಷ್ಟು ವರ್ಷ ಪಕ್ಕದಲ್ಲೇ ಇದ್ದು ನಿನಗೆ ಗೊತ್ತಿಲ್ವಾ?"

"ಮಷಿನ್ನಿನ ಸದ್ದಲ್ಲಿ ಕೇಳಿಸ್ತಿರ್ಲಿಲ್ಲ."

"ನಿನ್ನ ವಿಷಯಾನೇ ಕಣಮ್ಮಾ. 'ನೋಡು ಅತ್ತೆ, ಇವಳು ಬೆಳಿಗ್ಗೆ ಹಾಲು ಉಕ್ಕಿಸಿದ್ಲು. ಸ್ವೆಟರ್ ಒಳಹೊರಗು ಹಾಕ್ಕೊಂಡು ಬಂದಿದ್ದಾಳೆ, ನಾನು ಹೇಳಲ್ಲ, ಸಾಯಂಕಾಲದವರೆಗೂ ಹಾಗೇ ಓಡಾಡ್ಲಿ.' ಇಂಥದ್ದೇ. ನಾವೆಲ್ಲ ಕೇಳಿ ನಗ್ತಿದ್ವಿ."

ಚಿಕ್ಕ ಕತ್ತರಿ ಅದನ್ನು ಕೇಳಿಸಿಕೊಂಡಳು. ಒಳಗೆ ಎಲ್ಲಾದರೂ ಏನಾದರೂ ಅಲುಗಿತೇ ಎಂದು ನೋಡಿಕೊಂಡಳು. ಇಲ್ಲ. ಮಷಿನ್ನು ಎತ್ತಿ ಬ್ಲೇಡು ಒರೆಸಿ, ಎಡ ಅಂಗೈಯನ್ನು ಅತ್ತೆಯ ಪಕ್ಕೆಯ ಸುಳಿಯ ಮೇಲಿಟ್ಟು ನಿಂತಳು. ಬಿಸಿಯಾಗಿತ್ತು. ಕೂದಲು ಬೆರಳುಗಳ ಕೆಳಗೆ ಸುತ್ತಿಕೊಂಡು ಹೋಗುತ್ತಿತ್ತು. ಆಮೇಲೆ ಬಾಯಿ ತೆರೆದಳು.

"ಅವಳು ಹೋದ್ಲು," ಎಂದಳು.

ಅತ್ತೆಯ ಒಂದು ಕಿವಿ ಇತ್ತ ತಿರುಗಿತು.

"ಹುಲ್ಲಿನವನ ಜೊತೆ ಹೋದ್ಲು. ನೀನು ತಿನ್ನೋದು ಅವನ ಹುಲ್ಲೇ. ಬಾಚಣಿಗೆ ಮರೆತು ಹೋಗಿದ್ದಾಳೆ, ಅದರ ತುಂಬಾ ಕೂದಲು. ಮನೇಲಿ ರೇಡಿಯೋ ಹಾಕೋರಿಲ್ಲ. ಬೆಳಿಗ್ಗೆ ಎರಡು ಲೋಟ ಟೀ ಮಾಡಿಬಿಟ್ಟೆ. ಎರಡೂ ನಾನೇ ಕುಡಿದೆ. ಎರಡನೇದು ತಣ್ಣಗಾಗಿತ್ತು."

ದನಿಯಲ್ಲಿ ಏರಿಲ್ಲ, ಇಳಿವಿಲ್ಲ, ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವರ ಹಾಗೆ. ಆದರೆ ನಿಲ್ಲಿಸಲಿಲ್ಲ. ಮಾತಾಡುತ್ತಲೇ ಮಷಿನ್ನು ಹಾಕಿದಳು. ಕುದುರೆಯ ಚರ್ಮ ಒಮ್ಮೆ ನಡುಗಿ ಸುಮ್ಮನಾಯಿತು. ಕತ್ತಿನ ತೆನೆಯನ್ನು ಒಂದು ಬದಿಯಿಂದ ಮೇಲಕ್ಕೆ, ಇನ್ನೊಂದು ಬದಿಯಿಂದ ಕೆಳಕ್ಕೆ ಬಿಡಿಸಿದಳು. ಹೊಟ್ಟೆಯ ಗುಂಗುರನ್ನು ಎರಡು ಬೆರಳಲ್ಲಿ ಎಳೆದು ಹಿಡಿದು ಇಳಿಸಿದಳು. ಸ್ನಾನದ ಮನೆಯ ನಲ್ಲಿ ಸೋರುವುದನ್ನು ಹೇಳಿದಳು, ಪಕ್ಕದ ಮನೆಯಾಕೆ ಅತ್ತದ್ದನ್ನು ಹೇಳಿದಳು, ಹೇಳುವುದು ಮುಗಿದಾಗ ಮತ್ತೆ ಟೀಯಿಂದ ಶುರುಮಾಡಿದಳು. ಲಾಯದ ಹುಡುಗರು ಬೆಪ್ಪಾಗಿ ನಿಂತಿದ್ದರು. ಚಿಕ್ಕ ಕತ್ತರಿ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಪಕ್ಕೆಯ ಸುಳಿಯಲ್ಲಿ ಮಾತ್ರ ಇಳಿಯದ ಕೂದಲಿನ ಒಂದು ಗೀರು ಉಳಿಯಿತು. ಮೊದಲಾಗಿದ್ದರೆ ಮತ್ತೊಮ್ಮೆ ಮಾಡುತ್ತಿದ್ದಳು. ಅಂದು ಹಾಗೇ ಬಿಟ್ಟಳು.

ಲಾಯದ ಸುದ್ದಿ ಹುಲ್ಲಿನ ಲಾರಿ ಹತ್ತಿ ಊರಿನ ಆಚೆ ತುದಿ ಮುಟ್ಟಲು ಎಷ್ಟು ಹೊತ್ತು? ಮಾರನೆಯ ದಿನವೇ ಅಕ್ಕ, ಭಾವ ಇಬ್ಬರೂ ಬಂದರು. ಅಕ್ಕ ಒಳಗೆ ಬಂದು ಕುರ್ಚಿಯಲ್ಲಿ ಕೂತವಳೇ ಅಳತೊಡಗಿದಳು.

"ಕುದುರೆ ಹತ್ರ ಹೇಳ್ಕೋತೀಯ, ನನ್ನ ಹತ್ರ ಒಂದು ಮಾತು ಹೇಳೋಕಾಗ್ಲಿಲ್ವಾ?"

"ನೀನು ಕೇಳ್ಲಿಲ್ಲ."

"ಕುದುರೆ ಕೇಳ್ತಾ?"

ತಂಗಿ ಅಕ್ಕನ ಮುಂದೆ ನೀರಿನ ಲೋಟ ಇಟ್ಟಳು.

"ನಿನಗೆ ಏನೂ ಅನ್ನಿಸೋದೇ ಇಲ್ವೇನೆ? ನಾನು ಹೋದ್ರೂ ಒಂದೇ, ಇದ್ರೂ ಒಂದೇ? ಕಲ್ಲು ಕಣೆ ನೀನು."

"ಅನ್ನಿಸುತ್ತೋ ಏನೋ," ಎಂದಳು ತಂಗಿ, ಯೋಚಿಸಿ. "ಏನು ಅಂತ ಗೊತ್ತಾಗ್ತಿಲ್ಲ."

ಭಾವ ಕೆಮ್ಮಿದ. "ನೋಡಿ ಚಿಕ್ಕ ಕತ್ತರಿಯವರೇ, ತಪ್ಪು ತಿಳ್ಕೋಬೇಡಿ. ನಿಮ್ಮಕ್ಕನ ಮಂಡಿ ಹೋಗಿದೆ. ಲಾಯದಲ್ಲಿ ನನ್ನ ಗಾಡಿಗೆ ಒರಗಿಕೊಂಡು ನಿಲ್ಲೋರು, ಕುದುರೆ ಹಿಡಿಯೋ ನೆಪದಲ್ಲಿ ಕುದುರೆಗೇ ಆತುಕೊಂಡು ನಿಲ್ಲೋರು. ಹಾಗೇ ಮಾತು ಶುರುವಾಗಿದ್ದು."

"ಬಿಡ್ರೀ ಅದನ್ನ," ಎಂದಳು ಅಕ್ಕ.

"ಮಂಡಿ ನೋವು ಯಾವಾಗಿನಿಂದ?" ತಂಗಿ ಕೇಳಿದಳು.

"ಹೋದ ಚಳಿಗಾಲದಿಂದ. ನಿನಗೆ ಹೇಳಿದ್ರೆ ನೀನು ಕೆಲಸಾನೇ ಬಿಟ್ಟು ಕೂರ್ತಿದ್ದೆ. ನಿನಗೆ ಬೇರೆ ಏನು ಬರುತ್ತೆ?"

ಅವರು ಹೊರಟಾಗ ತಂಗಿ ಮೆಟ್ಟಿಲ ಮೇಲೆ ನಿಂತು ನೋಡಿದಳು. ಅಕ್ಕ ಗಂಡನ ತೋಳು ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿದಳು. ಇಷ್ಟು ದಿನವೂ ಹೀಗೇ ಇಳಿಯುತ್ತಿದ್ದಿರಬೇಕು. ತಾನು ಮಷಿನ್ನಿನ ಪೆಟ್ಟಿಗೆ ಹೊತ್ತು ಯಾವಾಗಲೂ ಮುಂದೆ ನಡೆಯುತ್ತಿದ್ದೆ ಎಂದು ಅವಳಿಗೆ ಹೊಳೆಯಿತು. ಆ ವಿಷಯವನ್ನು ಮನಸ್ಸು ಒಂದು ಕಡೆ ಇಟ್ಟುಕೊಂಡಿತು, ಮುಟ್ಟಲಿಲ್ಲ.

ಚಳಿಗಾಲ ಹಾಗೇ ಸಾಗಿತು. ಅವಳು ಒಂದೊಂದೇ ಲಾಯ ಮುಗಿಸುತ್ತ ಬಂದಳು. ಕುದುರೆಗಳ ಜೊತೆ ಮಾತಾಡುವುದು ರೂಢಿಯಾಯಿತು. ಮನುಷ್ಯರ ಜೊತೆ ಎಂದಿನಷ್ಟೇ.

ಕೆಲಸದ ಕಾಲ ಮುಗಿಯುತ್ತ ಬಂದ ಒಂದು ಮಧ್ಯಾಹ್ನ ಬಸ್ಸಿಗೆ ಕಾಯುತ್ತ ಕೂತಿದ್ದಾಗ, ಸಂಜೆ ಅಡುಗೆಗೆ ಏನು ಮಾಡಲಿ ಎಂದು ಯೋಚಿಸುತ್ತ, ದೊಡ್ಡ ಬಾಣಲೆ ಮನೆಯಲ್ಲಿಲ್ಲ ಎಂಬುದು ನೆನಪಾಯಿತು. ಅಕ್ಕ ಒಯ್ದಿದ್ದಳು. ಕೇಳದೆ ಒಯ್ದಿದ್ದಳು! ಎದೆಯಲ್ಲಿ ಬಿಸಿಯಾದದ್ದೇನೋ ಎದ್ದು ಕಿವಿಯವರೆಗೂ ಬಂತು. ಸಿಟ್ಟು ಎಂದು ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಫೋನ್ ತೆಗೆದು ಅಕ್ಕನಿಗೆ ಮಾಡಿದಳು.

"ಆ ಬಾಣಲೆ ನನ್ನದು."

"ಯಾವುದೇ?"

"ದೊಡ್ಡದು. ನೀನು ಕದ್ದುಕೊಂಡು ಹೋದದ್ದು."

ಅಕ್ಕನ ದನಿ ಏರಿತು. "ಕದ್ದೆನಾ? ಅಮ್ಮ ನನ್ನ ಕೈಗೆ ಕೊಟ್ಟದ್ದು ಕಣೆ ಅದು! ನಿನಗೆ ಅದರ ತಳ ಸೀಯಿಸೋದು ಬಿಟ್ಟು ಏನು ಗೊತ್ತಿತ್ತು?"

"ಸೀಯಿಸಿದ್ದು ನೀನು! ರೇಡಿಯೋ ಕೇಳ್ತಾ ಮರೆತವಳು ನೀನು!"

ಬಸ್ಸು ಬಂದು ನಿಂತಿತು. ಕಂಡಕ್ಟರ್ ಅವಳತ್ತ ನೋಡಿ ಕೈಯಾಡಿಸಿ ಕರೆದ. ಅವಳು ತಲೆಯಲ್ಲೇ ಬೇಡವೆಂದು ಸನ್ನೆ ಮಾಡಿ, ಪೆಟ್ಟಿಗೆಯನ್ನು ಬೆಂಚಿನ ಕೆಳಗೆ ತಳ್ಳಿ, ಅಮ್ಮ ಆ ಬಾಣಲೆಯನ್ನು ಯಾರಿಗೆ, ಯಾವಾಗ, ಏನು ಹೇಳಿ ಕೊಟ್ಟಳು ಎಂಬುದನ್ನು ಮೊದಲಿನಿಂದ ಹೇಳತೊಡಗಿದಳು.