ನೀಲಿ ಕಾಗದ, ಕೆಂಪು ಕುಡುಗೋಲು

ಸಾಂಬಾರಿಗೆ ಆಲೂಗಡ್ಡೆ ಹೆಚ್ಚುವಾಗಲೂ ಅವ್ವ ಪ್ರತಿ ಹೋಳಿನಲ್ಲಿ ಮೊಳಕೆಯ ಒಂದು ಕಣ್ಣು ಉಳಿಸುತ್ತಾಳೆ. ಬಿತ್ತನೆಗೆ ಕೊಯ್ದು ಕೊಯ್ದು ಬಂದ ಅಭ್ಯಾಸ. ಹಾಸನದ ಕಡೆಯ ನಮ್ಮ ಅರ್ಧ ಎಕರೆಯಲ್ಲಿ ಈಗ ಮುಸುಕಿನ ಜೋಳ ನಿಂತಿದೆ. ಅಂಗಮಾರಿ ರೋಗದ ಕಾಟಕ್ಕೆ ಸೋತು ಊರಿನ ಎಷ್ಟೋ ಜನ ಆಲೂಗಡ್ಡೆ ಬಿಟ್ಟರು, ನಾವೂ ಬಿಟ್ಟೆವು. ಅವ್ವ ಕರಾವಳಿಯ ಕಾಟಿಪಳ್ಳದ ನನ್ನ ಮನೆಗೆ ಬಂದು ಎರಡು ವರ್ಷ. ಬೆಳಿಗ್ಗೆ ಎದ್ದವಳು ಬಾಗಿಲಲ್ಲಿ ನಿಂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಮತ್ತೆ ಒಳಗೆ ಬರುತ್ತಾಳೆ.

ಊರಿನಲ್ಲಿ ಆ ಹೊತ್ತಿಗೆ ಅವಳು ಹೊಲದಲ್ಲಿರುತ್ತಿದ್ದಳು. ಇಬ್ಬನಿ ಆರುವ ಮೊದಲು ಎಲೆ ಮಗುಚಿ ನೋಡಬೇಕು. ಕಪ್ಪು ಮಚ್ಚೆಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅಂಗಮಾರಿ. ಬಿಸಿಲೇರಿದ ಮೇಲೆ ಅದು ಕಾಣುವುದಿಲ್ಲ. ಕಂಡ ಗಿಡವನ್ನು ಕಿತ್ತು ಹೂಳಬೇಕು, ಉಳಿದದ್ದಕ್ಕೆ ಅದೇ ದಿನ ಮೈಲುತುತ್ತಕ್ಕೆ, ಅಂದರೆ ತಾಮ್ರದ ನೀಲಿ ಹರಳಿಗೆ, ಸುಣ್ಣ ಬೆರೆಸಿ ಹೊಡೆಯಬೇಕು. ಸೆರಗು ಒದ್ದೆ ಮಾಡಿಕೊಂಡು, ಹಸಿ ಸೊಪ್ಪಿನ ವಾಸನೆ ಹೊತ್ತು ಅವಳು ಬರುತ್ತಿದ್ದ ಬೆಳಗುಗಳು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ನೆನಪಾಗುತ್ತವೆ.

ಅದರಲ್ಲೂ ಒಂದು ಬೆಳಗು. ನಾನಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಸುಲಭಕ್ಕೆ ಹತ್ತಿದ್ದಲ್ಲ, ಹೆಮ್ಮೆ ಇತ್ತು, ಈಗಲೂ ಇದೆ. ನಾಲ್ಕು ದಿನದ ಜಡಿಮಳೆಗೆ ಪಕ್ಕದ ಹೊಲ ಸುಟ್ಟ ಹಾಗಾಗಿತ್ತು. ನಮ್ಮದೂ ಹೋದರೆ ವರ್ಷದ ಅನ್ನವೇ ಹೋದಂತೆ. ಡ್ರಮ್ಮಿನಲ್ಲಿ ಔಷಧಿ ಕಲಸಿದ ಮೇಲೆ, ಕಾಲೇಜಿನಿಂದ ತಂದಿದ್ದ ಲಿಟ್ಮಸ್ ಕಾಗದ ಅದ್ದಿದೆ. ಸುಣ್ಣ ಸಾಲದೆ ಮೈಲುತುತ್ತದ ಹುಳಿ ಉಳಿದಿದ್ದರೆ ಔಷಧಿಯೇ ಎಲೆ ಸುಡುತ್ತದೆ. ಕೆಂಪು ಕಾಗದ ನೀಲಿಯಾದರೆ ಸರಿ. ನೀಲಿಯಾಯಿತು.

“ಸರಿಯಾಗೈತೆ ಅವ್ವ, ಹೊಡೀಬೋದು.”

“ಕುಡುಗೋಲು ಅದ್ದು,” ಎಂದಳು.

“ಇದು ಸೈನ್ಸು ಕಣವ್ವ.”

“ಆಗ್ಲಿ. ಅದ್ನೂ ಒಂದ್ಮಾತು ಕೇಳಾನ.”

ಅದ್ದಿ ತೆಗೆದರೆ ಅಲಗಿಗೆ ತಾಮ್ರ ಹತ್ತಿ ಕೆಂಪಾಗಿತ್ತು. ಸುಣ್ಣ ಸಾಲದು ಎಂದರ್ಥ. ಔಷಧಿಯ ಬಣ್ಣವೇ ನೀಲಿ. ನನ್ನ ಕಾಗದ ಅದನ್ನು ಕುಡಿದಿತ್ತು, ಅಷ್ಟೇ. ಅವ್ವ ಇನ್ನಷ್ಟು ಸುಣ್ಣದ ನೀರು ಸುರಿದು, ಕುಡುಗೋಲು ತಿಕ್ಕಿ ಮತ್ತೆ ಅದ್ದಿ, ಅಲಗು ಇದ್ದ ಹಾಗೇ ಬಂದ ಮೇಲೆ ಔಷಧಿ ಹೊಡೆಯುವ ಕ್ಯಾನಿಗೆ ತುಂಬಿದಳು.

“ಕಾಗ್ದಕ್ಕೆ ಗೊತ್ತಾಗ್ಲಿಲ್ಲ ಬಿಡು. ನಿಂಗ್ ಗೊತ್ತಾಯ್ತಲ್ಲ,” ಎಂದಳು. ಆ ವರ್ಷ ಬೆಳೆ ಉಳಿಯಿತು.

ಈಗ ಅತ್ತಾವರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಿಗಳ ಮೂತ್ರದ ಮಾದರಿಗೆ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡುವುದೇ ನನ್ನ ಕೆಲಸ. ಅನುಮಾನ ಬಂದದ್ದನ್ನು ಇನ್ನೊಂದು ಬಗೆಯಲ್ಲಿ ನೋಡದೆ ಬರೆದುಕೊಟ್ಟವಳಲ್ಲ.

ಮೊನ್ನೆ ಸುರತ್ಕಲ್ಲಿನ ತರಕಾರಿ ಅಂಗಡಿಯಲ್ಲಿ ಮೊಳಕೆಯೊಡೆದ ಆಲೂಗಡ್ಡೆಗಳನ್ನೇ ಆರಿಸಿದೆ.

“ಅಕ್ಕ, ಅದೆಂತಕ್ಕೆ? ಒಳ್ಳೆ ಬಟಾಟೆ ಈಚೆ ಉಂಟಲ್ಲ,” ಎಂದರು ಅಂಗಡಿಯವರು.

“ನೆಡ್ಲಿಕ್ಕೆ.”

“ಇಲ್ಲಿಯಾ? ಈ ಸೆಕೆಗೆ ಗಡ್ಡೆ ಆಗ್ಲಿಕ್ಕಿಲ್ಲ ಮಾರಾಯ್ರೆ. ಬರೀ ಸೊಪ್ಪು ಬಂದೀತು.”

“ಸೊಪ್ಪು ಬಂದ್ರೆ ಸಾಕು,” ಎಂದೆ.

ಬೆಳಿಗ್ಗೆ ಎದ್ದು ಮಗುಚಿ ನೋಡಲು ಅವ್ವನಿಗೆ ನಾಲ್ಕು ಎಲೆ ಬೇಕಾಗಿತ್ತು.